ನೆಟ್ಟಗಾದ ಮೂಗು

ನಕ್ಷೆಗಾರನ ಮೂಗಿನ ಒಳಗೋಡೆ ಎಡಕ್ಕೆ ವಾಲಿತ್ತು. ಹೊರಗಿನಿಂದ ನೋಡಿದವರಿಗೆ ಇದು ತಿಳಿಯುವಂತಿರಲಿಲ್ಲ. ಆದರೂ ಅವನನ್ನು ಬಲ್ಲವರಿಗೆಲ್ಲ ತಿಳಿದಿತ್ತು, ಯಾಕೆಂದರೆ ಹನ್ನೊಂದು ವರ್ಷಗಳಿಂದ ಅವನು ಅದನ್ನೇ ಹೇಳಿಕೊಂಡು ಬಂದಿದ್ದ. ನೀರು ಸರಬರಾಜು ಕಚೇರಿಯಲ್ಲಿ ಕೂತು ಊರಿನ ಪೈಪುಗಳ ನಕ್ಷೆ ಬರೆಯುವುದು ಅವನ ಕೆಲಸ. ವರ್ಷಕ್ಕೊಮ್ಮೆ ಎಲ್ಲ ಕಚೇರಿಗಳೂ ಸೇರಿ ನಡೆಸುವ ಕ್ರೀಡಾಕೂಟದಲ್ಲಿ ಹತ್ತು ಸಾವಿರ ಮೀಟರ್ ಓಡುವುದು ಅವನ ಹುಚ್ಚು. ಐದನೆಯವನಾಗಿಯೋ ಆರನೆಯವನಾಗಿಯೋ ಗೆರೆ ದಾಟಿ, ಮಂಡಿಗೆ ಕೈಯೂರಿ ನಿಂತು, ಅವನು ಆಡುತ್ತಿದ್ದ ಮೊದಲ ಮಾತು ಪ್ರತಿ ಸಲವೂ ಒಂದೇ. "ಕಾಲಲ್ಲಿ ಇನ್ನೂ ಬೇಕಾದಷ್ಟಿತ್ತು ಕಣ್ರೀ. ಮೂಗು ಬಿಡಲಿಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದು ಹೆಂಡತಿ ಒಮ್ಮೆ ಅಂದಿದ್ದಳು. ಅವನು ಕೋಪಿಸಿಕೊಳ್ಳಲಿಲ್ಲ. ತನ್ನ ಮೂಗಿನ ಅಡ್ಡಸೀಳು ನಕ್ಷೆಯನ್ನು ಅಳತೆಗೆ ಸರಿಯಾಗಿ ಬರೆದು, ಗಾಳಿ ಹೋಗುವ ದಿಕ್ಕಿಗೆ ಬಾಣದ ಗುರುತು ಹಾಕಿ, ಅವಳ ಕಾಫಿ ಲೋಟದ ಪಕ್ಕದಲ್ಲಿಟ್ಟ. "ಪೈಪಿನಲ್ಲಿ ಕಸ ಕೂತಿದ್ರೆ ಪಂಪು ಎಷ್ಟು ದೊಡ್ಡದಿದ್ದು ಏನು ಪ್ರಯೋಜನ, ನೀನೇ ಹೇಳು," ಅಂದ. ಪಂಪು ಅಂದರೆ ತಾನು.

ಹತ್ತು ವಾರಗಳ ಹಿಂದೆ ಆ ಗೋಡೆಯನ್ನು ಆಪರೇಷನ್ ಮಾಡಿಸಿ ನೆಟ್ಟಗೆ ಮಾಡಿಸಿಕೊಂಡಾಯಿತು. ಡಾಕ್ಟರು ಕಟ್ಟು ಬಿಚ್ಚುತ್ತ ಮೂರು ಮಾತು ಹೇಳಿದ್ದರು: ನಿದ್ದೆ ಚೆನ್ನಾಗಿ ಬರುತ್ತೆ, ಗೊರಕೆ ಕಡಿಮೆಯಾಗುತ್ತೆ, ಉಸಿರಾಟ ಸಲೀಸಾಗುತ್ತೆ. ಮೊದಲೆರಡು ಹೆಂಡತಿಯ ಕಿವಿಗೆ ಬಿದ್ದವು. ಮೂರನೆಯದನ್ನು ಅವನು ಮನೆಗೆ ತಂದ, ಕಚೇರಿಗೆ ಒಯ್ದ, ದಾರಿಯಲ್ಲಿ ಸಿಕ್ಕವರಿಗೆಲ್ಲ ಹಂಚಿದ. ಈ ವರ್ಷ ಗೆಲುವಿನ ಕಪ್ಪು ನಮ್ಮ ಕಚೇರಿಗೇ ಎಂದು ಅವನು ಹೇಳಿದ ರೀತಿಗೆ, ಗುಮಾಸ್ತರು ಬೀರುವಿನ ಮೇಲಿದ್ದ ಹಳೆ ಕಡತಗಳನ್ನು ಇಳಿಸಿ ಕಪ್ಪಿಗೆ ಜಾಗ ಮಾಡಿಟ್ಟಿದ್ದರು.

ಓಟದ ದಿನ ಬೆಳಗ್ಗೆ ಅವನು ಹಲ್ಲುಜ್ಜಿ ಬರುವಷ್ಟರಲ್ಲಿ ಪಕ್ಕದ ಮನೆಯ ಕಂಪೌಂಡರು ಟಾರ್ಚು ಹಿಡಿದು ಅಡುಗೆಮನೆಯವರೆಗೂ ಬಂದಾಗಿತ್ತು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ, ಬೀದಿಯಲ್ಲಿ ಯಾರಿಗೆ ಏನಾದರೂ ಮೊದಲು ತಾವೇ ನೋಡಬೇಕೆಂಬ ಹಕ್ಕನ್ನು ಅವರು ಬಿಟ್ಟಿರಲಿಲ್ಲ. ಎಲ್ಲರ ವಿಷಯದಲ್ಲೂ ಮೂಗು ತೂರಿಸುವವರಿಗೆ ಈಗ ಮೂಗೇ ವಿಷಯವಾಗಿ ಸಿಕ್ಕಿತ್ತು.

"ತಲೆ ಹಿಂದಕ್ಕೆ ಹಾಕು," ಅಂದರು. ಟಾರ್ಚು ಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು. "ಆಹಾ, ರಾಜಬೀದಿ ಇದ್ದ ಹಾಗಿದೆ. ಎರಡು ಲಾರಿ ಒಟ್ಟಿಗೆ ಹೋಗಬಹುದು."

"ಇವತ್ತು ಸಾಯಂಕಾಲ ಹೋಗ್ತವೆ ನೋಡ್ತಿರಿ," ಅಂದ ನಕ್ಷೆಗಾರ, ಚಾವಣಿಗೆ ಮುಖ ಮಾಡಿಕೊಂಡೇ.

"ಆದ್ರೆ ಒಂದು ಮಾತು. ಓಡೋವಾಗ ಬಾಯಿ ತೆಗೀಬಾರದು. ಹೊಸ ಮೂಗು ಇಟ್ಕೊಂಡು ಬಾಯಲ್ಲಿ ಉಸಿರಾಡೋದು ಅಂದ್ರೆ, ಮನೇಲಿ ನಲ್ಲಿ ಹಾಕಿಸ್ಕೊಂಡು ಬಾವಿಗೆ ಕೊಡ ಹೊತ್ಕೊಂಡು ಹೋದ ಹಾಗೆ."

ನೀರು ಕಚೇರಿಯವನಿಗೆ ಈ ಹೋಲಿಕೆ ನೇರವಾಗಿ ಎದೆಗೆ ನಾಟಿತು.

ಅಷ್ಟರಲ್ಲಿ ನಾದಿನಿ ಬಂದಳು. ಹೆಂಡತಿಯ ತಂಗಿಯಾದ ಅವಳು ದೈಹಿಕ ಶಿಕ್ಷಣ ಕಾಲೇಜಿನ ಪ್ರಯೋಗಶಾಲೆಯಲ್ಲಿ ಓಟಗಾರರ ಉಸಿರು ಅಳೆಯುವ ಕೆಲಸದಲ್ಲಿದ್ದಳು. ಆಪರೇಷನ್ನಿಗೆ ಮುಂಚೆ ಒಮ್ಮೆ, ಹೋದ ವಾರ ಒಮ್ಮೆ, ಭಾವನ ಮುಖಕ್ಕೆ ಮಾಸ್ಕು ಕಟ್ಟಿ, ನಿಂತಲ್ಲೇ ಓಡುವ ಯಂತ್ರದ ಮೇಲೆ ಅವನನ್ನು ಸುಸ್ತಾಗುವವರೆಗೆ ಓಡಿಸಿದ್ದಳು. ಸುಳ್ಳು ಹೇಳಲು ಬಾರದ ಹುಡುಗಿ. ಅಕ್ಕನ ಮದುವೆಯ ದಿನವೇ ಭಾವನ ಎತ್ತರವನ್ನು ಎಲ್ಲರೆದುರಿಗೆ ಸರಿಪಡಿಸಿ ಹೇಳಿದವಳು.

"ಭಾವ, ವರದಿ ತಂದಿದೀನಿ. ಓಟಕ್ಕೆ ಮುಂಚೆ ಒಂದ್ಸಲ ನೋಡಿಬಿಡಿ," ಅಂದಳು.

"ಓಟ ಆದ್ಮೇಲೆ ನೋಡೋಣಮ್ಮ. ಈಗ ನೋಡಿದ್ರೆ ಅಹಂಕಾರ ಬಂದುಬಿಡುತ್ತೆ."

"ಅಹಂಕಾರ ಬರೋ ಅಂಥದ್ದು ಅದರಲ್ಲಿ ಏನೂ..."

"ನೋಡಿದ್ಯಾ," ಎಂದು ಅವನು ಹೆಂಡತಿಯ ಕಡೆ ತಿರುಗಿದ. "ನಿನ್ನ ತಂಗಿಗೆ ಎಷ್ಟು ವಿನಯ."

ನಾದಿನಿ ಕಡತವನ್ನು ಚೀಲಕ್ಕೆ ಹಾಕಿಕೊಂಡಳು. ಅಕ್ಕ ಅವಳಿಗೆ ಒಂದು ಬಾಳೆಹಣ್ಣು ಕೊಟ್ಟು, "ಬಿಡೇ, ಮಲಗಿದಾಗ ಸದ್ದಿಲ್ಲ, ನಂಗೆ ಅಷ್ಟು ಸಾಕು," ಅಂದಳು.

ಮಧ್ಯಾಹ್ನ ಮೂರಕ್ಕೆಲ್ಲ ಮೈದಾನ ತುಂಬಿತ್ತು. ನೀರಿನವರು, ವಿದ್ಯುತ್ತಿನವರು, ಅಂಚೆಯವರು, ಕಂದಾಯದವರು, ಒಟ್ಟು ಹದಿನಾಲ್ಕು ಓಟಗಾರರು. ಮುಖ್ಯ ತೀರ್ಪುಗಾರರು ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಕಲಿಸಿದ ಹೆಂಗಸು. ಎಲ್ಲರೂ ಅವರನ್ನು ಡ್ರಿಲ್ ಟೀಚರ್ ಎಂದೇ ಕರೆಯುತ್ತಿದ್ದರು. ಮೈದಾನದಲ್ಲಿದ್ದ ಅರ್ಧ ಜನ ಅವರ ಕೈಯಲ್ಲಿ ಒಂದಲ್ಲ ಒಂದು ಕಾಲದಲ್ಲಿ ಬೈಸಿಕೊಂಡವರೇ. ಪ್ರತಿ ಓಟಗಾರನ ಸುತ್ತುಗಳನ್ನು ಅವನವನ ಕಚೇರಿಯವರೇ ಎಣಿಸಬೇಕು. ಇಪ್ಪತ್ತೈದರಿಂದ ಒಂದರವರೆಗೆ ಅಂಕಿ ಬರೆದ ರಟ್ಟಿನ ಹಾಳೆಗಳನ್ನು ಒಂದೊಂದಾಗಿ ಮಗುಚುತ್ತ, ಓಡುವವನಿಗೆ ಇನ್ನೆಷ್ಟು ಸುತ್ತು ಉಳಿದಿದೆಯೆಂದು ತೋರಿಸುವುದು ಕ್ರಮ. ನೀರು ಕಚೇರಿಯ ಪರವಾಗಿ ಆ ಕೆಲಸ ಹೆಡ್ ಕ್ಲರ್ಕರದು.

ಹೆಡ್ ಕ್ಲರ್ಕರು ಜೇಬಿನಿಂದ ಗಾಯಕ್ಕೆ ಅಂಟಿಸುವ ಪಟ್ಟಿಯ ಸುರುಳಿಯೊಂದನ್ನು ತೆಗೆದರು. "ನಿಮ್ಮ ಕಂಪೌಂಡರು ಹೇಳಿದ್ರು. ಬಾಯಿಗೆ ಇದನ್ನ ಹಾಕಿಬಿಡೋಣ. ಅಭ್ಯಾಸಬಲ ನೋಡಿ, ತಾನಾಗೇ ತೆರೆದುಕೊಂಡುಬಿಡುತ್ತೆ."

"ಹಾಕಿ," ಅಂದ ನಕ್ಷೆಗಾರ. ಆಮೇಲೆ ಅವನಿಗೆ ಏನನ್ನೂ ಹೇಳುವ ಅವಕಾಶವಿರಲಿಲ್ಲ.

ಬಾಯಿಗೆ ಪಟ್ಟಿ ಹಾಕಿಕೊಂಡು ಗೆರೆಯ ಮೇಲೆ ನಿಂತವನನ್ನು ನೋಡಿ, ಪಕ್ಕದಲ್ಲಿದ್ದ ವಿದ್ಯುತ್ ಕಚೇರಿಯ ಲೈನ್‌ಮನ್ ಒಂದು ಹೆಜ್ಜೆ ಸರಿದು ನಿಂತ. ಮೂರು ವರ್ಷದಿಂದ ಮೊದಲನೆಯವನಾಗಿ ಬರುತ್ತಿದ್ದವನು ಅವನು; ಕಂಬದಷ್ಟೇ ಉದ್ದ, ಕಂಬದಷ್ಟೇ ಮಾತು. "ಹಲ್ಲು ನೋವಾ?" ಎಂದು ಕೇಳಿದ. ನಕ್ಷೆಗಾರ ಮೂಗನ್ನು ತೋರಿಸಿ ಹೆಬ್ಬೆರಳೆತ್ತಿದ.

ಸೀಟಿ ಕೇಳಿಸಿತು. ಮೊದಲ ಸುತ್ತು ಸ್ವರ್ಗ. ಗಾಳಿ ಎರಡೂ ಹೊಳ್ಳೆಗಳಲ್ಲಿ ಸರಾಗವಾಗಿ ಬಂತು. ಎರಡನೆಯ ಸುತ್ತಿನಲ್ಲಿ ಬಂದ ಗಾಳಿ ಸಾಲದಾಯಿತು. ಮೂರನೆಯದರಲ್ಲಿ ಕಣ್ಣ ಮುಂದೆ ಹಳದಿ ಚುಕ್ಕೆಗಳು ತೇಲಾಡಿದವು, ಕಿವಿಯಲ್ಲಿ ಯಾರೋ ತಗಡು ಬಡಿದಂತಾಯಿತು. ತಿರುವಿನಲ್ಲಿ, ತನ್ನವರಾರೂ ಕಾಣದ ಕಡೆ, ಅವನು ಪಟ್ಟಿಯನ್ನು ಮೀಸೆಯ ನಾಲ್ಕು ಕೂದಲ ಸಮೇತ ಕಿತ್ತು, ಬುಟ್ಟಿಯಿಂದ ಹೊರಬಿದ್ದ ಮೀನಿನಂತೆ ಬಾಯಿ ತೆರೆದ. ಆಮೇಲೆ ಕೊನೆಯವರೆಗೂ ಮುಚ್ಚಲಿಲ್ಲ. ಎದುರಿನ ನೇರ ದಾರಿಯಲ್ಲಿ ಬರುವಾಗ ಮಾತ್ರ, ಕಂಪೌಂಡರು ನೋಡುತ್ತಿದ್ದರೆಂದು, ತುಟಿಗಳನ್ನು ಒಂದಿಷ್ಟು ಹತ್ತಿರ ತಂದಂತೆ ಮಾಡುತ್ತಿದ್ದ. ಉಸಿರು ಒಳಕ್ಕೆ ಎಷ್ಟು, ಹೊರಕ್ಕೆ ಎಷ್ಟು ಎಂದು ಎಣಿಸುವುದರಲ್ಲೇ ಅವನ ಲೆಕ್ಕದ ಶಕ್ತಿಯೆಲ್ಲ ಮುಗಿಯುತ್ತಿತ್ತು. ಸುತ್ತುಗಳನ್ನು ಅವನು ಹೆಡ್ ಕ್ಲರ್ಕರಿಗೆ ಬಿಟ್ಟಿದ್ದ.

ಹತ್ತು ಸುತ್ತು ಕಳೆಯುವಷ್ಟರಲ್ಲಿ ಹದಿನಾಲ್ಕು ಜನ ಮೈದಾನದ ತುಂಬ ಚೆಲ್ಲಿದ ಕಾಳಿನ ಹಾಗೆ ಹರಡಿಹೋಗಿದ್ದರು. ಯಾರು ಯಾರ ಮುಂದಿದ್ದಾರೆ, ಯಾರು ಯಾರನ್ನು ಒಂದು ಸುತ್ತು ಹಿಂದೆ ಹಾಕಿದ್ದಾರೆ ಎಂಬುದು ನೋಡುವವರಿಗೆ ತಿಳಿಯುತ್ತಿರಲಿಲ್ಲ. ಒಂದು ಮಾತ್ರ ಎಲ್ಲರಿಗೂ ಕಾಣುತ್ತಿತ್ತು: ಲೈನ್‌ಮನ್ ಉದ್ದನೆಯ ಹೆಜ್ಜೆ ಹಾಕುತ್ತ ಬರುತ್ತಿದ್ದಾನೆ, ಅವನಿಗಿಂತ ಮುಂದೆ ನಕ್ಷೆಗಾರ ಓಡುತ್ತಿದ್ದಾನೆ. ಹೆಡ್ ಕ್ಲರ್ಕರು "ಕೊನೇ ಸುತ್ತು, ಕೊನೇ ಸುತ್ತು" ಎಂದು ಕೂಗಿ ಒಂದು ಎಂಬ ಅಂಕಿ ಎತ್ತಿ ಹಿಡಿದರು. ಗಂಟೆ ಬಾರಿಸುವವನು ಅವರ ಮುಖ ನೋಡಿ ಗಂಟೆ ಬಾರಿಸಿಬಿಟ್ಟ. ನಕ್ಷೆಗಾರ ಇದ್ದಬದ್ದದ್ದನ್ನೆಲ್ಲ ಕಾಲಿಗೆ ಹಾಕಿದ. ಲೈನ್‌ಮನ್‌ಗಿಂತ ಎಂಬತ್ತು ಹೆಜ್ಜೆ ಮುಂದೆ, ಎರಡೂ ಕೈ ಎತ್ತಿಕೊಂಡು, ಗೆರೆ ದಾಟಿದ. ಮೂವತ್ತೈದು ನಿಮಿಷ, ಎರಡು ಸೆಕೆಂಡು.

ನೀರು ಕಚೇರಿಯವರು ಅವನನ್ನು ಹೆಗಲ ಮೇಲೆ ಹೊತ್ತರು. ಮೈಕು ತಾನಾಗಿ ಅವನ ಕೈಗೆ ಬಂತೋ, ಅವನೇ ಕಸಿದುಕೊಂಡನೋ, ಆಮೇಲೆ ಯಾರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಹೇಳಿದ್ದು ಮಾತ್ರ ಎಲ್ಲರಿಗೂ ಕೇಳಿಸಿತು.

"ಈ ಗೆಲುವು ನಂದಲ್ಲ. ನನ್ನ ಮೂಗಿಂದು. ಕಾಲು ಹೋದ ವರ್ಷದ್ದೇ, ಎದೆ ಹೋದ ವರ್ಷದ್ದೇ. ಮೂಗೊಂದೇ ಹೊಸದು."

ಹತ್ತು ನಿಮಿಷವಾಗಿರಲಿಲ್ಲ, ವಿದ್ಯುತ್ ಕಚೇರಿಯ ತಂಡದ ಮುಖ್ಯಸ್ಥರು ಡ್ರಿಲ್ ಟೀಚರ ಮೇಜಿನ ಮೇಲೆ ಒಂದು ಕಾಗದ ಇಟ್ಟರು. ಜೀವನವಿಡೀ ಮನೆಮನೆಯ ಮೀಟರುಗಳಲ್ಲಿ ತಪ್ಪು ಹುಡುಕಿದವರಾದ್ದರಿಂದ ಅವರನ್ನು ಮೀಟರ್ ಸಾಹೇಬರೆಂದು ಕರೆಯುವುದು ರೂಢಿ. ಕಾಗದದಲ್ಲಿದ್ದದ್ದು ಆಕ್ಷೇಪಣೆ: ಕೃತಕ ಸಾಧನಗಳಿಂದ ಲಾಭ ಪಡೆಯುವಂತಿಲ್ಲ ಎಂದು ನಿಯಮ ಹೇಳುತ್ತದೆ; ಗೆದ್ದವರು ದುರಸ್ತಿ ಮಾಡಿಸಿದ ಮೂಗಿನಿಂದ ಗೆದ್ದೆನೆಂದು ಸ್ವತಃ ಮೈಕಿನಲ್ಲಿ ಒಪ್ಪಿಕೊಂಡಿದ್ದಾರೆ; ಆದ್ದರಿಂದ ಗೆಲುವನ್ನು ರದ್ದು ಮಾಡಬೇಕು.

ಮೈದಾನದ ಮಧ್ಯೆ ಹಾಕಿದ್ದ ಡೇರೆಯಲ್ಲಿ ವಿಚಾರಣೆ ಶುರುವಾಯಿತು. ಕುರ್ಚಿ ಆರು, ಮಾತಾಡುವವರು ನಲವತ್ತು.

"ಮೂಗು ಸಾಧನ ಅಲ್ಲ ಸ್ವಾಮಿ, ಅವಯವ," ಅಂದರು ಹೆಡ್ ಕ್ಲರ್ಕರು.

"ಹುಟ್ಟಿದಾಗ ಇದ್ದ ಹಾಗೆ ಇದ್ರೆ ಅವಯವ. ರಿಪೇರಿ ಆದ್ಮೇಲೆ ಸಾಧನ."

"ಹಾಗಾದ್ರೆ ನಿಮ್ಮ ಬಾಯಲ್ಲಿರೋ ಕಟ್ಟಿಸಿದ ಹಲ್ಲು?"

"ನನ್ನ ಹಲ್ಲು ಓಡಿ ಕಪ್ಪು ಗೆದ್ದಿಲ್ಲ," ಅಂದರು ಮೀಟರ್ ಸಾಹೇಬರು, ಆ ಹಲ್ಲುಗಳನ್ನು ಎಲ್ಲರಿಗೂ ಕಾಣುವಂತೆ ತೋರಿಸುತ್ತ.

ಕಂಪೌಂಡರು ಟಾರ್ಚು ತೆಗೆದು, ಬೇಕಾದವರು ಒಳಗೆ ನೋಡಬಹುದು ಎಂದರು. ಯಾರಿಗೂ ಬೇಕಿರದಿದ್ದರೂ ಒಬ್ಬರ ಹಿಂದೊಬ್ಬರು ನೋಡಿದರು. ಅಂಚೆಯವರು, ಇದು ಬಹಳ ಅಗಲವಾಯಿತೆಂದರು. ಕಂದಾಯದವರು ಅಳತೆ ಕೇಳಿದರು. ಅಷ್ಟೂ ಹೊತ್ತು ನಕ್ಷೆಗಾರ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿಕೊಂಡು ಕೂತಿದ್ದ. ಗೆದ್ದವನ ಗತ್ತು ಅವನ ಗಲ್ಲದಲ್ಲಿ ಇನ್ನೂ ಉಳಿದಿತ್ತು.

ಡ್ರಿಲ್ ಟೀಚರ್ ಮೇಜು ಕುಟ್ಟಿದರು. "ಪ್ರಶ್ನೆ ಒಂದೇ. ಮೂಗು ಸರಿಮಾಡಿಸಿದ್ರಿಂದ ಇವರು ಜಾಸ್ತಿ ವೇಗವಾಗಿ ಓಡಿದ್ರಾ, ಇಲ್ವಾ? ಓಡಿದ್ರು ಅಂದ್ರೆ ನಾನು ಈ ಆಕ್ಷೇಪಣೆ ಬಗ್ಗೆ ಯೋಚನೆ ಮಾಡಬೇಕಾಗುತ್ತೆ. ಇಲ್ಲ ಅಂದ್ರೆ ಇದು ಕಸದ ಬುಟ್ಟಿಗೆ."

ಹನ್ನೊಂದು ವರ್ಷ ಒಂದು ದಿಕ್ಕಿಗೆ ಹೊಡೆದುಕೊಂಡು ಬಂದ ಬಂಡಿಯನ್ನು ಈಗ ಗಕ್ಕನೆ ತಿರುಗಿಸಬೇಕಾಗಿತ್ತು. ನಕ್ಷೆಗಾರ ತಲೆ ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, ಧೈರ್ಯವಾಗಿಯೇ ತಿರುಗಿಸಿದ.

"ನಿಜ ಹೇಳಬೇಕು ಅಂದ್ರೆ ಮೂಗಿಗೂ ಓಟಕ್ಕೂ ಸಂಬಂಧಾನೇ ಇಲ್ಲ. ನಾನು ಪೂರ್ತಿ ಬಾಯಲ್ಲೇ ಓಡಿದ್ದು."

ಕಂಪೌಂಡರ ಮುಖ ಕಪ್ಪಿಟ್ಟಿತು. "ಬಾಯಲ್ಲಾ?"

"ಮೂರನೇ ಸುತ್ತಿಂದ. ಕ್ಷಮಿಸಿ."

"ಈಗ ಹಾಗೆ ಹೇಳ್ತಾರೆ," ಅಂದರು ಮೀಟರ್ ಸಾಹೇಬರು. "ಬಾಯಿಮಾತು ಯಾರು ನಂಬ್ತಾರೆ? ಪುರಾವೆ ಇದೆಯಾ?"

"ಇದೆ," ಅಂದ ನಕ್ಷೆಗಾರ. ಹೊರಗೆ ಹುಲ್ಲಿನ ಮೇಲೆ ಅಕ್ಕನ ಜೊತೆ ಕೂತಿದ್ದ ನಾದಿನಿಯನ್ನು ಕರೆದ. ವರದಿಯನ್ನು ಅವನು ಓದಿರಲಿಲ್ಲ. ಆದರೆ ಅಹಂಕಾರ ಬರುವಂಥದ್ದೇನೂ ಇಲ್ಲ ಎಂದು ಅವಳು ಬೆಳಗ್ಗೆ ಅಂದದ್ದು ಈಗ ಅವನಿಗೆ ಅಮೃತದಂತೆ ಕೇಳಿಸಿತ್ತು.

ಅವಳು ಬಂದಳು, ಕಡತ ಬಿಚ್ಚಿದಳು. ಆಪರೇಷನ್ನಿಗೆ ಮುಂಚಿನ ಹಾಳೆ ಎಡಕ್ಕೆ, ಆಮೇಲಿನ ಹಾಳೆ ಬಲಕ್ಕೆ ಇಟ್ಟಳು. "ಸುಮ್ಮನೆ ಕೂತಿರೋವಾಗ, ನಡೆಯೋವಾಗ, ನಿದ್ದೇಲಿ, ಮೂಗಿನ ಉಸಿರಾಟ ತುಂಬಾ ಸುಧಾರಿಸಿದೆ. ಆಪರೇಷನ್ ಚೆನ್ನಾಗಾಗಿದೆ. ಆದ್ರೆ ಪೂರ್ತಿ ಜೋರಾಗಿ ಓಡೋವಾಗ ಮೈ ಎಷ್ಟು ಗಾಳಿ ಬಳಸ್ಕೊಳ್ಳುತ್ತೆ ಅನ್ನೋ ಅಳತೆ ಆಗ ಎಷ್ಟಿತ್ತೋ ಈಗಲೂ ಅಷ್ಟೇ. ಜೋರಾಗಿ ಓಡೋವಾಗ ಎಲ್ರೂ ಬಾಯಿಂದ ಉಸಿರು ತಗೋತಾರೆ. ಕಿಟಕಿ ದೊಡ್ಡದು ಮಾಡಿಸಿದ್ರೆ ಬಾಗಿಲು ಅಗಲ ಆಗಲ್ಲ. ಅದೂ ಅಲ್ದೆ ಅವರನ್ನ ಹಿಡಿದು ನಿಲ್ಲಿಸೋದು ಗಾಳಿ ಅಲ್ಲ, ಎದೆ ಮತ್ತು ಕಾಲು."

ನೀರು ಕಚೇರಿಯವರು ಚಪ್ಪಾಳೆ ತಟ್ಟಿದರು. ತಮ್ಮ ಓಟಗಾರನ ಎದೆ, ಕಾಲು ಎರಡೂ ಸಾಲದು ಎಂದು ಅವಳು ಹೇಳಿದ್ದು ಆ ಗದ್ದಲದಲ್ಲಿ ಯಾರ ಗಮನಕ್ಕೂ ಬರಲಿಲ್ಲ.

ಮೀಟರ್ ಸಾಹೇಬರು ಕೈ ಎತ್ತಿದರು. "ಒಂದು ನಿಮಿಷ. ಈ ಹುಡುಗಿ ಯಾರು? ಅವರ ನಾದಿನಿ. ಭಾವನ ಪರವಾಗಿ ಹೇಳದೆ ಇನ್ನೇನು ಹೇಳ್ತಾಳೆ?"

ನಾದಿನಿಯ ಕಿವಿ ಕೆಂಪಾದವು. ಅವಳ ಲೆಕ್ಕವನ್ನು ಇದುವರೆಗೆ ಯಾರೂ ಅನುಮಾನಿಸಿರಲಿಲ್ಲ. "ನಾನು ಯಾರ ಪರಾನೂ ಅಲ್ಲ," ಅಂದಳು. "ಪೆನ್ಸಿಲ್ ಕೊಡಿ. ಇಲ್ಲೇ ಮಾಡಿ ತೋರಿಸ್ತೀನಿ. ಇವರ ಮೈಯಲ್ಲಿ ಏನೂ ಬದಲಾಗಿಲ್ಲ ಅಂತ ಇವತ್ತಿನ ಓಟದ ಸಮಯಾನೇ ಹೇಳುತ್ತೆ."

"ಮಾಡಿ ತೋರಿಸಮ್ಮ," ಅಂದ ನಕ್ಷೆಗಾರ, ತಾನೇ ಜೇಬಿನಿಂದ ಪೆನ್ಸಿಲ್ ತೆಗೆದು ಕೊಡುತ್ತ.

ಅವಳು ಆಕ್ಷೇಪಣೆಯ ಕಾಗದವನ್ನೇ ಮಗುಚಿ ಬರೆಯತೊಡಗಿದಳು. "ಹೋದ ವರ್ಷ ಇವರ ಸಮಯ ಮೂವತ್ತಾರೂವರೆ ನಿಮಿಷ. ಈ ಅಳತೆಗೆ ಸರಿಯಾಗಿದೆ. ಇವತ್ತು ಮೂವತ್ತೈದು ನಿಮಿಷ ಎರಡು ಸೆಕೆಂಡು." ಪೆನ್ಸಿಲ್ ನಿಂತಿತು. ಅವಳು ಮೊದಲಿನಿಂದ ಇನ್ನೊಮ್ಮೆ ಬರೆದಳು. "ಇದು ಆಗಲ್ಲ."

"ಯಾವುದು ಆಗಲ್ಲ?" ಎಂದು ಡ್ರಿಲ್ ಟೀಚರ್ ಕನ್ನಡಕ ಹಾಕಿಕೊಂಡರು.

"ಈ ಎದೆ, ಈ ಕಾಲು ಇಟ್ಕೊಂಡು ಹತ್ತು ಸಾವಿರ ಮೀಟರನ್ನ ಇಷ್ಟು ಬೇಗ ಓಡೋಕೆ ಆಗಲ್ಲ. ಎಂಬತ್ತೆಂಟು ಸೆಕೆಂಡು ಕಡಿಮೆ ಬರ್ತಿದೆ." ಅವಳು ಇನ್ನೊಂದು ಭಾಗಾಕಾರ ಮಾಡಿದಳು. ಆಮೇಲೆ ಅವಳ ಮುಖ, ಸರಿಯಾದ ಉತ್ತರ ಸಿಕ್ಕಿದ ಮಗುವಿನ ಮುಖದ ಹಾಗೆ ಬೆಳಗಿತು. "ಭಾವ ಒಂದು ಸುತ್ತಿಗೆ ತಗೊಳ್ಳೋದೇ ಎಂಬತ್ತೆಂಟು ಸೆಕೆಂಡು. ಇವರು ಒಂದು ಸುತ್ತು ಕಡಿಮೆ ಓಡಿದ್ದಾರೆ. ಆಗ ಲೆಕ್ಕ ಸರಿಹೋಗುತ್ತೆ."

ಎಲ್ಲರ ಕಣ್ಣೂ ಹೆಡ್ ಕ್ಲರ್ಕರ ಕಡೆ ತಿರುಗಿದವು. ಡ್ರಿಲ್ ಟೀಚರ್ ಕೈ ಚಾಚಿದರು. ಹೆಡ್ ಕ್ಲರ್ಕರು ರಟ್ಟಿನ ಅಂಕಿಗಳ ಕಟ್ಟನ್ನು ಅವರಿಗೆ ಕೊಟ್ಟರು. ಅವರು ಒಂದೊಂದನ್ನೇ ಮಗುಚಿದರು. ಹದಿನೈದು, ಹದಿನಾಲ್ಕು, ಹನ್ನೆರಡು. ಹದಿನಾಲ್ಕನ್ನು ಹಿಡಿದು ಉಗುರಿನಿಂದ ಕೆದಕಿದರು. ಅದರ ಬೆನ್ನಿಗೆ ಹದಿಮೂರು ಅಂಟಿಕೊಂಡಿತ್ತು. ಬಣ್ಣ ಪೂರ್ತಿ ಒಣಗಿರಲಿಲ್ಲ.

"ಈ ಅಂಕಿ ಹೊಸದಾಗಿ ಬರೆದವರು ಯಾರು?" ಎಂದು ಕೇಳಿದರು.

"ನಾನೇ," ಅಂದ ನಕ್ಷೆಗಾರ. "ನಿನ್ನೆ ಸಾಯಂಕಾಲ. ಹಳೇದು ಅಂದವಾಗಿರಲಿಲ್ಲ."

ಲೈನ್‌ಮನ್ ಮುಂದೆ ಬಂದು, "ಅಕ್ಷರ ಚೆನ್ನಾಗಿದೆ," ಅಂದ, ಮನಸ್ಸಿನಿಂದ. ಮೀಟರ್ ಸಾಹೇಬರು ತಮ್ಮ ಕಾಗದವನ್ನು ಮಡಿಸಿಕೊಂಡು, ಮೂಗಿನ ಬಗ್ಗೆ ತಮ್ಮದು ಯಾವ ಆಕ್ಷೇಪಣೆಯೂ ಇಲ್ಲವೆಂದೂ, ಇಂಥ ಮೂಗು ಯಾರಿಗಾದರೂ ಇರಬಹುದೆಂದೂ ದೊಡ್ಡ ಮನಸ್ಸಿನಿಂದ ಘೋಷಿಸಿದರು. ನಾದಿನಿಗೆ ತಾನು ಮಾಡಿದ್ದು ಆಗಷ್ಟೇ ಅರಿವಾಗಿ, "ಭಾವ," ಎಂದು ಮೆಲ್ಲಗೆ ಅಂದಳು.

"ಲೆಕ್ಕ ಸರಿಯಾಗಿದೆ ಬಿಡಮ್ಮ," ಅಂದ ಅವನು. ಸರಿಯಾದ ಲೆಕ್ಕದಲ್ಲಿ ತಪ್ಪು ಹುಡುಕುವುದು ಅವನ ಜಾಯಮಾನಕ್ಕೆ ಒಗ್ಗುತ್ತಿರಲಿಲ್ಲ. ಆದರೆ ಹೊರಗೆ ನಿಂತ ಹೆಂಡತಿಯ ಮುಖ ನೋಡಿದಾಗ ಅವನಿಗೆ ಕುಳಿತಿರಲಾಗಲಿಲ್ಲ. ಅವಳು ನಗುತ್ತಿರಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು.

ಅವನು ಎದ್ದು ನಿಂತ. "ಟೀಚರ್, ಹಾಗಾದ್ರೆ ನಾನು ಇನ್ನೂ ಓಟ ಮುಗಿಸಿಲ್ಲ."

"ಇಲ್ಲ."

"ಮೈದಾನ ಬಿಟ್ಟು ಹೊರಗೂ ಹೋಗಿಲ್ಲ. ಡೇರೆ ಒಳಗೇ ಇದೆ."

ಡ್ರಿಲ್ ಟೀಚರ್ ನಿಯಮದ ಪುಸ್ತಕ ತಿರುವಿ ಹಾಕಿದರು. ಓಟ ಮುಗಿಸಲು ಇಷ್ಟೇ ಹೊತ್ತು ಎಂದು ಎಲ್ಲೂ ಬರೆದಿರಲಿಲ್ಲ. "ಒಂದು ಸುತ್ತು ಬಾಕಿ ಇದೆ," ಅಂದರು. "ಓಡಿ."

ಅವನು ಲೇಸು ಬಿಗಿದು ಗೆರೆಯ ಮೇಲೆ ನಿಂತ. ಗಂಟೆಯನ್ನು ಲೈನ್‌ಮನ್ ತಾನೇ ಕೇಳಿ ಇಸಿದುಕೊಂಡು ಬಾರಿಸಿದ. ಸಂಜೆಯ ಬಿಸಿಲು ವಾಲಿತ್ತು. ಮೊದಲ ತಿರುವಿನವರೆಗೆ ಬಾಯಿ ಮುಚ್ಚಿಯೇ ಇತ್ತು. ಕತ್ತರಿಸಿದ ಹುಲ್ಲಿನ ವಾಸನೆ ಎರಡೂ ಹೊಳ್ಳೆಗಳಲ್ಲಿ ತುಂಬಿಕೊಂಡಿತು. ಹನ್ನೊಂದು ವರ್ಷ ಓಡಿದ ಮೈದಾನಕ್ಕೆ ವಾಸನೆಯಿದೆಯೆಂದು ಅವನಿಗೆ ತಿಳಿದದ್ದು ಆಗಲೇ. ಎದುರಿನ ನೇರ ದಾರಿಗೆ ಬಂದಾಗ ಬಾಯಿ ತಾನಾಗಿ ತೆರೆಯಿತು. ಈ ಸಲ ಅವನು ಅದನ್ನು ಯಾರಿಗಾಗಿಯೂ ಮುಚ್ಚಲು ಹೋಗಲಿಲ್ಲ. ಸಾಕಷ್ಟು ವಿಶ್ರಾಂತಿ ಪಡೆದ ಕಾಲುಗಳು ಎಂದೂ ಓಡದಂತೆ ಓಡಿದವು. ಮನೆಗೆ ಹೊರಟಿದ್ದ ಜನ ನಿಂತು ನೋಡಿದರು, ಆಮೇಲೆ ಚಪ್ಪಾಳೆ ತಟ್ಟಿದರು. ವಿದ್ಯುತ್ತಿನವರೂ ತಟ್ಟಿದರು. ಹೆಂಡತಿ ಗೆರೆಯ ಪಕ್ಕಕ್ಕೆ ಬಂದು, ಕೈಯಲ್ಲಿದ್ದ ಟವಲನ್ನು ಮುಷ್ಟಿಯಲ್ಲಿ ಹಿಂಡುತ್ತ, "ಬನ್ನಿ, ಬನ್ನಿ," ಅನ್ನುತ್ತಿದ್ದಳು. ಹೆಡ್ ಕ್ಲರ್ಕರು ತೋರಿಸಲು ಅಂಕಿ ಉಳಿದಿಲ್ಲದೆ ಬರಿಗೈಯನ್ನೇ ಎತ್ತಿ ಹಿಡಿದಿದ್ದರು.

ಗೆರೆ ದಾಟಿ ಹತ್ತು ಹೆಜ್ಜೆ ಹೋಗಿ ಅವನು ನಿಂತ. ತನ್ನ ಜೀವಮಾನದಲ್ಲಿ ಇಷ್ಟು ವೇಗದ ಸುತ್ತನ್ನು ಓಡಿರಲಿಲ್ಲವೆಂದು ಅವನ ಮೈಯ ಎಲುಬು ಎಲುಬಿಗೂ ಗೊತ್ತಾಗಿತ್ತು. ಎದೆ ತಿದಿಯಂತೆ ಏರಿಳಿಯುತ್ತಿದ್ದರೂ ನೇರವಾಗಿ ಡ್ರಿಲ್ ಟೀಚರ ಮೇಜಿನ ಮುಂದೆ ಬಂದು ನಿಂತ.

"ಹದಿನಾಲ್ಕು ಜನರಲ್ಲಿ ಹದಿನಾಲ್ಕನೆಯವರು," ಎಂದು ಅವರು ಬರೆದುಕೊಳ್ಳುತ್ತಿದ್ದರು. "ಒಟ್ಟು ಸಮಯ ಎರಡು ಗಂಟೆ, ನಾಲ್ಕು ನಿಮಿಷ."

"ಅದು ಇರಲಿ ಟೀಚರ್," ಅಂದ ನಕ್ಷೆಗಾರ, ತಲೆಯೆತ್ತಿ. "ಕೊನೇ ಸುತ್ತಿನ ಸಮಯಾನ ಬೇರೆಯಾಗಿ ಬರೀರಿ. ನಾಲ್ಕು ಜನ ನೋಡಲಿ."

ಅವರು ಕೈಯಲ್ಲಿದ್ದ ಗಡಿಯಾರವನ್ನು ನೋಡಿದರು. ಅವನು ಮೊದಲ ಸಲ ಗೆರೆ ದಾಟಿದಾಗ ಗುರುತು ಹಾಕಿಕೊಂಡದ್ದನ್ನು ನೋಡಿದರು. ನಿಧಾನವಾಗಿ ಕಳೆದರು.

"ಕೊನೇ ಸುತ್ತು, ಒಂದು ಗಂಟೆ ಇಪ್ಪತ್ತೊಂಬತ್ತು ನಿಮಿಷ," ಅಂದರು. "ಬರೀಲಾ?"